ಮಂಗಳವಾರ ಬಂದರೆ ತಡವಾಗಿರುತ್ತದೆ: ಉತ್ತರ ಕನ್ನಡ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಜಿಲ್ಲೆಯ ಪಿಯು, ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ಒಂದು ಲೆಕ್ಕದಿಂದಲೇ ಶುರು ಮಾಡುತ್ತೇವೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಇಪ್ಪತ್ತರ ಹುಡುಗನೊಬ್ಬನ ಕಾಂಡೋಮ್ ಹರಿಯಿತು ಎಂದಿಟ್ಟುಕೊಳ್ಳಿ. ಶನಿವಾರ ಇಡೀ ದಿನ ಯಾರಿಗೆ ಹೇಳಲಿ, ಹೇಳಲೋ ಬೇಡವೋ ಎಂಬುದರಲ್ಲೇ ಹೋಗುತ್ತದೆ. ಭಾನುವಾರ ರಜೆ. ಸೋಮವಾರ ಹಬ್ಬ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ತಾಲೂಕು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ ನಡೆಯುವ ಐಸಿಟಿಸಿ ಕೋಣೆಯ ಬಾಗಿಲು ತೆರೆಯುವಾಗ ಅವನು ಮೊದಲಿಗನಾಗಿ ನಿಂತಿದ್ದರೂ 82 ಗಂಟೆ 30 ನಿಮಿಷ ಕಳೆದಿರುತ್ತದೆ. ಎಚ್‌ಐವಿ ದೇಹದಲ್ಲಿ ಬೇರೂರದಂತೆ ತಡೆಯುವ ಗುಳಿಗೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಹತ್ತೂವರೆ ಗಂಟೆ ಹೆಚ್ಚಾಯಿತು. ಆ ಹತ್ತೂವರೆ ಗಂಟೆ ಅವನಿಗೆ ಯಾಕೆ ಸಿಗಲಿಲ್ಲ ಎನ್ನುವುದೇ ಈ ಪತ್ರದ ವಿಷಯ.

ಆ ಗುಳಿಗೆಗೆ ಆಸ್ಪತ್ರೆಯಲ್ಲಿ ಪೆಪ್ ಎನ್ನುತ್ತಾರೆ. ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ, ಮೂರೂ ಸೇರಿ ಒಂದೇ ಗುಳಿಗೆ. ದಿನಕ್ಕೊಂದರಂತೆ 28 ದಿನ. ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಇರುವವರಿಗೆ ಉಚಿತವಾಗಿ ಕೊಡುವುದೂ ಬಹುಮಟ್ಟಿಗೆ ಇದೇ ಗುಳಿಗೆ. ಜಿಲ್ಲೆಗೆ ಹೊಸದಾಗಿ ತರಿಸಬೇಕಾದ ಅಪರೂಪದ ಔಷಧವೇನಲ್ಲ. ವೈರಸ್ ಒಳಹೊಕ್ಕ ಜಾಗದಿಂದ ದುಗ್ಧಗ್ರಂಥಿ ತಲುಪಿ, ಅಲ್ಲಿ ವೃದ್ಧಿಯಾಗಿ ಮೈಯೆಲ್ಲ ಹರಡಲು ಎರಡು-ಮೂರು ದಿನ ಬೇಕು. ಆ ಸಂದಿಯಲ್ಲೇ ಗುಳಿಗೆ ಕೆಲಸ ಮಾಡಬೇಕು. ಮೊದಲ ಗುಳಿಗೆ ಎರಡು ಗಂಟೆಯೊಳಗೆ ಹೊಟ್ಟೆ ಸೇರಿದರೆ ಒಳ್ಳೆಯದು. 72 ಗಂಟೆ ಎಂಬುದು ಕೊನೆಯ ಗಡಿ, ನಿಧಾನವಾಗಿ ಬರಲು ಕೊಟ್ಟ ಅವಕಾಶವಲ್ಲ.

ಇಲ್ಲಿ ತಪ್ಪುವುದು ಎಲ್ಲೆಲ್ಲಿ ಎಂದು ಹೇಳುತ್ತೇವೆ. ಮೊದಲನೆಯದು, ‘ಮೊದಲು ರಕ್ತ ಪರೀಕ್ಷೆಯ ವರದಿ ಬರಲಿ’ ಎಂದು ಕೂರಿಸುವುದು. ಆ ದಿನದ ಪರೀಕ್ಷೆ ಹೇಳುವುದು ಹಿಂದಿನಿಂದಲೇ ಸೋಂಕು ಇತ್ತೇ ಎಂಬುದನ್ನು ಮಾತ್ರ. ಶುಕ್ರವಾರ ರಾತ್ರಿ ಏನಾಯಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಮೊದಲ ಗುಳಿಗೆ ಕೊಟ್ಟೇ ರಕ್ತ ತೆಗೆಯಬಹುದು. ಎರಡನೆಯದು, ಹತ್ತು ಹನ್ನೆರಡು ದಿನಕ್ಕೆ ವಾಕರಿಕೆ, ತಲೆನೋವು, ನಿದ್ದೆಗೇಡು ನೋಡಿ ಹುಡುಗರು ತಾವೇ ನಿಲ್ಲಿಸುವುದು. ಅರ್ಧಕ್ಕೆ ಬಿಟ್ಟ ಪೆಪ್‌ನ ರಕ್ಷಣೆಯನ್ನು ನಂಬುವ ಹಾಗಿಲ್ಲ. ಮೂರನೆಯದನ್ನು ಬಹಳ ವೈದ್ಯರೂ ಹೇಳಲು ಮರೆಯುತ್ತಾರೆ: ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಹೊಟ್ಟೆಯುರಿಯ ಸಿರಪ್, ಕ್ಯಾಲ್ಸಿಯಂ ಗುಳಿಗೆ, ಕಾಲೇಜಿನಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ, ಇವು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ. ವಾಕರಿಕೆ ಬಂತೆಂದು ಮೆಡಿಕಲ್‌ನಿಂದ ಸಿರಪ್ ತಂದು ಗುಳಿಗೆಯ ಹಿಂದೆಯೇ ಕುಡಿದರೆ ಆ ದಿನದ ಗುಳಿಗೆ ತೆಗೆದುಕೊಂಡೂ ತೆಗೆದುಕೊಳ್ಳದ ಹಾಗೆ. ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಪೆಪ್ ಗುಳಿಗೆ ತೆಗೆದುಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಹೆಪಟೈಟಿಸ್ ಬಿ ಇದ್ದವರಿಗೆ ವೈದ್ಯರು ಬೇರೆಯಾಗಿಯೇ ಯೋಚಿಸಬೇಕಾಗುತ್ತದೆ. 6 ವಾರಕ್ಕೆ, 3 ತಿಂಗಳಿಗೆ ಮತ್ತೆ ಪರೀಕ್ಷೆ, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ವೇಳಾಪಟ್ಟಿಯಂತೆ 6 ತಿಂಗಳಿಗೆ ಇನ್ನೊಮ್ಮೆ. ಅಲ್ಲಿಯವರೆಗೆ ಕಾಂಡೋಮ್ ತಪ್ಪಿಸಬಾರದು, ರಕ್ತದಾನ ಮಾಡಬಾರದು.

ಎಲ್ಲರಿಗೂ ಪೆಪ್ ಬೇಕಿಲ್ಲ. ಮುತ್ತಿಟ್ಟರೆ, ಒಂದೇ ತಟ್ಟೆಯಲ್ಲಿ ಉಂಡರೆ ಬೇಡವೇ ಬೇಡ. ಯಾರಿಗೆ ಬೇಕು ಎಂದು ತೂಗಿ ಹೇಳುವುದು ವೈದ್ಯರ ಕೆಲಸ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಔಷಧ ಇಡುವುದು ಮುಖ್ಯವಾಗಿ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು: ಕೆಲಸದಲ್ಲಿ ಸೂಜಿ ಚುಚ್ಚಿಕೊಂಡ ಆಸ್ಪತ್ರೆ ಸಿಬ್ಬಂದಿ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು. ಕಾಂಡೋಮ್ ಹರಿದ ಹುಡುಗ ಈ ಎರಡೂ ಸಾಲಿಗೆ ಸೇರದ ಮೂರನೆಯವನು. ಅವನಿಗೆ ಏನು ಸಿಗುತ್ತದೆ ಎಂಬುದು ಆ ರಾತ್ರಿ ಪಾಳಿಯಲ್ಲಿರುವ ವೈದ್ಯರ ಮುಖ ಗಂಟಿಕ್ಕಿದೆಯೋ ಇಲ್ಲವೋ ಎಂಬುದರ ಮೇಲೆ ನಿಲ್ಲಬಾರದು. ತುರ್ತು ವಿಭಾಗಕ್ಕೆ ಲಿಖಿತ ಸೂಚನೆ ಹೋಗಲಿ: ಇಂಥವರು ಬಂದರೆ ಅಪಾಯ ಅಳೆಯಿರಿ, ಬೇಕೆನಿಸಿದರೆ ಮೊದಲ ಗುಳಿಗೆ ಆಗಲೇ ಕೊಡಿ, ಉಳಿದದ್ದಕ್ಕೆ ಎಆರ್‌ಟಿ ಕೇಂದ್ರಕ್ಕೆ ಚೀಟಿ ಬರೆಯಿರಿ. ಉಪದೇಶ ಬೇಡ.

ಗುಳಿಗೆ ಕಾರವಾರದಲ್ಲೋ ಶಿರಸಿಯಲ್ಲೋ ಮಾತ್ರ ಇದ್ದರೆ ಸಾಲದು. ಈ ಜಿಲ್ಲೆಗೆ ಹನ್ನೆರಡು ತಾಲೂಕು, ನಡುವೆ ಘಟ್ಟ. ಜೊಯಿಡಾದ ಒಳಹಳ್ಳಿಯಿಂದ ಕಾರವಾರಕ್ಕೆ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟ ಹಾಗೆ. ಮಳೆಗಾಲದಲ್ಲಿ ದಾರಿಯನ್ನೇ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ಯಾರೂ ಮರೆತಿಲ್ಲ. 72 ಗಂಟೆಗೆ ಮಳೆ, ಗುಡ್ಡ ಏನೂ ಗೊತ್ತಿಲ್ಲ. ರಾತ್ರಿ ತುರ್ತು ಚಿಕಿತ್ಸೆ ಇರುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಐದೈದು ಗುಳಿಗೆಯ ಎರಡು ಚಿಕ್ಕ ಪೊಟ್ಟಣ, ಅವಧಿ ಮುಗಿಯುವ ದಿನಾಂಕ ಬರೆದ ಚೀಟಿಯ ಸಮೇತ, ಪಾಳಿಯ ನರ್ಸ್ ಬಳಿಯ ಬೀರುವಿನಲ್ಲಿರಲಿ. ಫಾರ್ಮಸಿಯ ಬೀಗದ ಕೈ ಮನೆಗೆ ಹೋಗಿರುತ್ತದೆ, ಅಲ್ಲಿಟ್ಟು ಪ್ರಯೋಜನವಿಲ್ಲ.

ಇನ್ನೊಂದು ಗೊಂದಲವಿದೆ, ಇದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ತುರ್ತು ಗರ್ಭನಿರೋಧಕ ಗುಳಿಗೆಗೂ, ಅಂದರೆ ಲೆವೊನೊರ್ಗೆಸ್ಟ್ರೆಲ್ 1.5 ಮಿ.ಗ್ರಾಂಗೂ, 72 ಗಂಟೆಯದೇ ಗಡಿ. ಟಿವಿ ಜಾಹೀರಾತಿನಿಂದ ಅದು ಎಲ್ಲರಿಗೂ ಗೊತ್ತು. ಅದನ್ನು ನುಂಗಿದ ಮೇಲೆ ‘ಎಲ್ಲ ಮುಗಿಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಅದು ಬಸಿರಿಗೆ ಮಾತ್ರ. ಎಚ್‌ಐವಿಗೂ ಸಿಫಿಲಿಸ್‌ಗೂ ಗೊನೊರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡು ಗಡಿಯಾರ ಒಟ್ಟಿಗೇ ಓಡುತ್ತಿರುತ್ತವೆ, ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮರೆಯುತ್ತಾರೆ. ಮೆಡಿಕಲ್ ಅಂಗಡಿಯವರು ಆ ಗುಳಿಗೆ ಕೊಡುವಾಗ ‘ಇದು ಬಸಿರಿಗೆ ಅಷ್ಟೇ, ಸೋಂಕಿನ ಭಯ ಇದ್ದರೆ ಆಸ್ಪತ್ರೆಗೆ ಹೋಗಿ’ ಎಂದು ಒಂದು ಮಾತು ಸೇರಿಸಿದರೆ ಸಾಕು. ಔಷಧ ವ್ಯಾಪಾರಿಗಳ ಸಂಘದ ಒಂದು ಸಭೆಯಲ್ಲಿ ಆಗಿಹೋಗುವ ಕೆಲಸ.

ಗೋಡೆಗಳ ಬಗ್ಗೆ. ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಕೈ ಕುಲುಕಿದರೆ ಬರುವುದಿಲ್ಲ ಎಂದು ಮೂವತ್ತು ವರ್ಷದಿಂದ ಬರೆದಿದ್ದೇವೆ, ಜನ ಕಲಿತೂ ಆಗಿದೆ. ಡಿಸೆಂಬರ್ 1ಕ್ಕೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತೇವೆ, ಫೋಟೋ ಪತ್ರಿಕೆಗೆ ಹೋಗುತ್ತದೆ. ಆ ಫಲಕಗಳಲ್ಲಿ ಕಾಂಡೋಮ್ ಎಂಬ ಪದ ಹುಡುಕಿದರೆ ಸಿಗುವುದು ಕಷ್ಟ. ‘ಸಚ್ಚಾರಿತ್ರ್ಯ’ ಧಾರಾಳವಾಗಿ ಸಿಗುತ್ತದೆ. ಅದೇ ಊರಿನ ಬಸ್ ಸ್ಟ್ಯಾಂಡಿನ ಮೂತ್ರಿಯೊಳಗೆ ಹೋಗಿ ನೋಡಿ, ‘ಗುಪ್ತರೋಗಕ್ಕೆ ಖಾತ್ರಿ ಚಿಕಿತ್ಸೆ’ ಎಂಬ ಚೀಟಿ ಮೊಬೈಲ್ ನಂಬರ್ ಸಮೇತ ಅಂಟಿಸಿರುತ್ತದೆ. ಹುಡುಗರಿಗೆ ಅರ್ಥವಾಗುವ ಮಾತಿನಲ್ಲಿ, ಅವರು ಒಬ್ಬರೇ ನಿಂತು ಓದುವ ಜಾಗದಲ್ಲಿ ಬರೆಯಬೇಕೆಂಬ ಬುದ್ಧಿ ನಕಲಿ ವೈದ್ಯರಿಗಿದೆ. ಆ ಜಾಗ ನಾವು ಹಿಡಿಯಬೇಕು. ಬಸ್ ನಿಲ್ದಾಣ, ಬಂದರು, ಕಾಲೇಜು, ಹಾಸ್ಟೆಲ್‌ಗಳ ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಲು ನಮ್ಮ ಕರಡು ಇದು:

‘ಕಾಂಡೋಮ್ ಹರಿಯಿತೆ? ಜಾರಿತೆ? ಹಾಕಿಯೇ ಇರಲಿಲ್ಲವೆ? ಯಾರಾದರೂ ಬಲವಂತ ಮಾಡಿದರೆ? 72 ಗಂಟೆಯೊಳಗೆ, ಆದರೆ ಈಗಲೇ, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬನ್ನಿ. ರಾತ್ರಿಯೂ ತೆರೆದಿರುತ್ತದೆ. ಪೆಪ್ ಬೇಕಿತ್ತು ಎಂದಷ್ಟೇ ಹೇಳಿ. ಕೇಳುವುದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.’

ಇಷ್ಟೇ. ಮೇಲೆ ಯಾರ ಭಾವಚಿತ್ರವೂ ಬೇಡ. ಕನ್ನಡ, ಕೊಂಕಣಿ, ಹಿಂದಿಯಲ್ಲಿರಲಿ, ಬಂದರುಗಳಲ್ಲಿ ಒಡಿಯಾದಲ್ಲೂ ಇರಲಿ.

ಬಂದರು ಎಂದ ಮೇಲೆ ಬೋಟಿನ ಹುಡುಗರ ವಿಷಯ ಬೇರೆಯೇ ಹೇಳಬೇಕು. ಬೈತಖೋಲ್, ತದಡಿ, ಹೊನ್ನಾವರ, ಭಟ್ಕಳದಿಂದ ಆಳಸಮುದ್ರಕ್ಕೆ ಹೋಗುವ ಟ್ರಾಲರ್ ವಾರಗಟ್ಟಲೆ ದಡಕ್ಕೆ ಬರುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಎಡವಟ್ಟಾದರೆ 72 ಗಂಟೆ ನೀರಿನ ಮೇಲೆಯೇ ಮುಗಿಯುತ್ತದೆ. ಅಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಬೋಟಿನ ಮುಖ್ಯಸ್ಥ ತಾಂಡೇಲನಿಗೆ ಹೇಳಿ ಬೋಟ್ ತಿರುಗಿಸು ಎನ್ನಲು ಯಾವ ಹುಡುಗನಿಗೂ ಬಾಯಿ ಬರುವುದಿಲ್ಲ, ಡೀಸೆಲ್ ಲೆಕ್ಕ ಗೊತ್ತಿರುವ ತಾಂಡೇಲ ತಿರುಗಿಸುವುದೂ ಇಲ್ಲ. ಇವರಿಗೆ ಪೆಪ್‌ಗಿಂತ ಕಾಂಡೋಮೇ ಮುಖ್ಯ, ಮತ್ತು ದಡದಲ್ಲಿದ್ದಾಗ ಪರೀಕ್ಷೆ. ಆರೋಗ್ಯ ಶಿಬಿರಗಳನ್ನು ಸಾಮಾನ್ಯವಾಗಿ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ, ಜೂನ್ 1ರಿಂದ ಜುಲೈ 31ರ 61 ದಿನಗಳಲ್ಲಿ ಇಡಬೇಕೆಂದು ತೋರುತ್ತದೆ, ಬೋಟೆಲ್ಲ ದಡದಲ್ಲಿರುತ್ತವಲ್ಲ ಎಂದು. ಬೋಟ್ ದಡದಲ್ಲಿರುತ್ತದೆ, ಜನ ಇರುವುದಿಲ್ಲ. ಒಡಿಶಾ, ಜಾರ್ಖಂಡಿನ ಕಲಾಸಿಗಳು, ಅಂದರೆ ಬೋಟಿನ ಕೆಲಸದಾಳುಗಳು, ಜೂನ್ ಮೊದಲ ವಾರವೇ ರೈಲು ಹತ್ತಿರುತ್ತಾರೆ. ಬಲೆ ಹೊಲಿಯಲು, ಐಸ್ ತುಂಬಲು ಎಲ್ಲರೂ ಒಟ್ಟಿಗೆ ಬಂದರಿನಲ್ಲಿರುವುದು ಜುಲೈ ಕೊನೆಯ ವಾರ. ಶಿಬಿರ ಆಗ ಇಡಿ, ಸಂಜೆ ಆರರ ಮೇಲೆ ಇಡಿ.

ಕಾಂಡೋಮ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇವೆ, ಸಿಟ್ಟಾಗಬೇಡಿ. ಇದನ್ನು ಬಿಡಿಸಿ ಹೇಳಲು ನಾಚಿಕೊಂಡೇ ಇಷ್ಟು ದೂರ ಬಂದಿದ್ದೇವೆ.

‘ಕಾಂಡೋಮ್ ಹರಿಯುತ್ತದೆ, ನಂಬುವ ಹಾಗಿಲ್ಲ’ ಎಂದು ಹುಡುಗರು ಹೇಳುತ್ತಾರೆ. ಕಾರ್ಖಾನೆಯಿಂದ ಹೊರಡುವ ಮೊದಲು ಅವನ್ನು ವಿದ್ಯುತ್ ಹರಿಸಿ ತೂತು ಇದೆಯೇ ಎಂದು ನೋಡಿರುತ್ತಾರೆ. ಹರಿಯುವುದಕ್ಕೆ ಕಾರಣ ಬಹುಪಾಲು ಕೈಗೆ ಬಂದ ಮೇಲಿನದು. ನಮ್ಮ ಕರಾವಳಿಯಲ್ಲಿ ಮೊದಲ ಕಾರಣ ತೆಂಗಿನೆಣ್ಣೆ. ಜಾರಿಕೆ ಸಾಲದೆಂದು ಕೈಗೆ ಸಿಕ್ಕಿದ್ದು ಹಚ್ಚುತ್ತಾರೆ, ಕೈಗೆ ಸಿಗುವುದು ಅದೇ. ಕಾಂಡೋಮ್ ಲೇಟೆಕ್ಸ್, ಅಂದರೆ ರಬ್ಬರ್ ಹಾಲು. ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಎಳೆದಾಗ ಹರಿಯುತ್ತದೆ. ತೆಂಗಿನೆಣ್ಣೆ, ವ್ಯಾಸಲೀನ್, ಬೆಣ್ಣೆ, ಬಾಡಿ ಲೋಷನ್ ಯಾವುದೂ ಆಗದು. ನೀರಿನಲ್ಲಿ ಕರಗುವ ಜೆಲ್ ಮಾತ್ರ ಆಗುತ್ತದೆ. ಗಂಡಸರ ನಡುವಿನ ಸಂಬಂಧದಲ್ಲಂತೂ ಜೆಲ್ ಇಲ್ಲದ ಕಾಂಡೋಮ್ ಅರ್ಧ ರಕ್ಷಣೆ ಅಷ್ಟೇ, ಏಕೆಂದರೆ ಗುದದ್ವಾರದ ಒಳಪೊರೆ ತೆಳು, ಅಲ್ಲಿ ತಾನಾಗಿ ಒಸರುವ ಜಾರಿಕೆಯೂ ಇಲ್ಲ. ಕಾಂಡೋಮ್ ಕೊಡುವ ಕಡೆಯಲ್ಲೇ ಜೆಲ್ ಕೂಡ ಕೊಡಿ.

ಎರಡನೆಯದು ಬಿಸಿಲು. ಕಾಂಡೋಮನ್ನು 30 ಡಿಗ್ರಿಗಿಂತ ತಂಪಾದ, ಒಣ ಜಾಗದಲ್ಲಿಡಬೇಕು. ಏಪ್ರಿಲ್ ತಿಂಗಳ ಕಾರವಾರದಲ್ಲಿ ಬೈಕಿನ ಡಿಕ್ಕಿಯೊಳಗೆ ಎಷ್ಟು ಬಿಸಿ ಇರುತ್ತದೆ ಎಂದು ಯೋಚಿಸಿ. ಪರ್ಸಿನಲ್ಲಿಟ್ಟು ತಿಂಗಳುಗಟ್ಟಲೆ ಅದರ ಮೇಲೆ ಕೂತರೆ ಮೈಬಿಸಿ ಮತ್ತು ತಿಕ್ಕಾಟ ಸೇರಿ ಪೊಟ್ಟಣವೇ ಸವೆಯುತ್ತದೆ. ಉಚಿತ ಕಾಂಡೋಮ್ ಪೆಟ್ಟಿಗೆಗೂ ಇದೇ ಗತಿ. ತಗಡಿನ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ಮಧ್ಯಾಹ್ನದ ಮೇಲೆ ಅದು ಒಲೆ. ಪೆಟ್ಟಿಗೆ ನೆರಳಿನಲ್ಲಿರಬೇಕು, ಕೆಳಗಡೆಯಿಂದ ತೆಗೆಯುವಂತಿರಬೇಕು. ಆಗ ಹಳೆಯದು ಮೊದಲು ಖಾಲಿಯಾಗುತ್ತದೆ. ಮುಚ್ಚಳದ ಒಳಗೆ ತುಂಬಿದ ದಿನಾಂಕದ ಚೀಟಿ, ವಾರಕ್ಕೆರಡು ಸಲ ಒಬ್ಬರು ನೋಡಿ ಸಹಿ ಹಾಕುವುದು. ಎಲ್ಲಕ್ಕಿಂತ ಮುಖ್ಯ, ಅದು ಫಾರ್ಮಸಿ ಕಿಟಕಿಯ ಪಕ್ಕದಲ್ಲಿರಬಾರದು. ಕಿಟಕಿಯ ಆಚೆ ಕೂತವರು ಅಮ್ಮನ ಪರಿಚಯದವರು, ಈಚೆ ಸಾಲಿನಲ್ಲಿರುವವರು ಓಣಿಯವರು. ಕುಮಟಾದಂಥ ಊರಿನಲ್ಲಿ ಹುಡುಗ ಅಲ್ಲಿ ಕೈ ಹಾಕುವುದು ಕನಸು.

ಹಾಕುವ ರೀತಿ. ಪೊಟ್ಟಣದ ಮೇಲಿನ ದಿನಾಂಕ ನೋಡಬೇಕು, ಒತ್ತಿ ನೋಡಬೇಕು. ಒಳಗೆ ಗಾಳಿಯ ದಿಂಬು ಸಿಕ್ಕರೆ ಪೊಟ್ಟಣ ತೂತಾಗಿಲ್ಲ ಎಂದರ್ಥ. ಕಾಂಡೋಮನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯಲ್ಲಿ ಬೆರಳಿನಿಂದ ಹರಿಯಬೇಕು, ಹಲ್ಲಿನಿಂದಲ್ಲ. ಸುರುಳಿ ಹೊರಮುಖವಾಗಿದ್ದರೆ ಅದು ಸರಿಯಾದ ಬದಿ, ಟೋಪಿಯ ಹಾಗೆ ಕಾಣುತ್ತದೆ. ತುದಿಯ ಚಿಕ್ಕ ಚೀಲವನ್ನು ಎರಡು ಬೆರಳಿನಿಂದ ಹಿಸುಕಿ ಗಾಳಿ ತೆಗೆದು, ಹಿಡಿದುಕೊಂಡೇ ಬುಡದವರೆಗೆ ಬಿಚ್ಚುತ್ತ ಹೋಗಬೇಕು. ಗಾಳಿ ಉಳಿದರೆ ವೀರ್ಯಕ್ಕೆ ಜಾಗವಿಲ್ಲದೆ ತುದಿ ಒಡೆಯುತ್ತದೆ. ಉಲ್ಟಾ ಇಟ್ಟು ಬಿಚ್ಚದೇ ಹೋದರೆ ತಿರುಗಿಸಿ ಹಾಕಬಾರದು, ಹೊರಬದಿಗೆ ಸ್ರಾವ ತಾಗಿರುತ್ತದೆ. ಎಸೆದು ಹೊಸದು ತೆಗೆಯಬೇಕು. ‘ಕೊನೆಗೆ ಹಾಕಿಕೊಂಡರಾಯಿತು’ ಎಂಬುದು ದೊಡ್ಡ ಮೋಸ, ಮೊದಲ ಸ್ಪರ್ಶಕ್ಕೂ ಮುಂಚೆ ಹಾಕಬೇಕು. ಎರಡು ಕಾಂಡೋಮ್ ಒಂದರ ಮೇಲೊಂದು ಹಾಕಿದರೆ ಭದ್ರವಾಗುವುದಿಲ್ಲ, ತಿಕ್ಕಿ ಎರಡೂ ಹರಿಯುತ್ತವೆ. ಮುಗಿದ ತಕ್ಷಣ, ಗಡಸು ಇಳಿಯುವ ಮೊದಲು, ಬುಡ ಹಿಡಿದುಕೊಂಡೇ ಹೊರತೆಗೆಯಬೇಕು. ತಡ ಮಾಡಿದರೆ ಸಡಿಲಾಗಿ ಒಳಗೇ ಜಾರುತ್ತದೆ. ಗಂಟು ಹಾಕಿ ಕಾಗದದಲ್ಲಿ ಸುತ್ತಿ ಕಸಕ್ಕೆ. ಒಂದನ್ನು ಒಂದೇ ಸಲ. ಮರದ ಮಾದರಿಯೊಂದನ್ನಿಟ್ಟು ತೋರಿಸಲು ಆರು ನಿಮಿಷ ಬೇಕು. ಆಪ್ತಸಮಾಲೋಚನೆಗೆ ಕೊಡುವ ಸಾಮಗ್ರಿಯಲ್ಲಿ ಆ ಮಾದರಿಯೂ ಇರುತ್ತದೆ. ಅದು ಕಪಾಟಿನಿಂದ ಹೊರಬರಲಿ.

ಪ್ರಾಂಶುಪಾಲರೇ, ಈಗ ನಿಮ್ಮ ಕಡೆಗೆ. ಲೈಂಗಿಕ ಶಿಕ್ಷಣ ಎಂದ ಕೂಡಲೇ ‘ಪಾಲಕರು ಗಲಾಟೆ ಮಾಡುತ್ತಾರೆ’ ಎನ್ನುತ್ತೀರಿ. ಭಯ ನಿರಾಧಾರ ಎನ್ನುವುದಿಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ವಿರೋಧ ಬಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದಿದ್ದವು. ಆದರೆ ಹೊಸ ಪಾಠ ಯಾರೂ ಕೇಳುತ್ತಿಲ್ಲ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದೆ, ಅದರಲ್ಲಿ ಲೈಂಗಿಕ ಸೋಂಕೂ ಇದೆ, ಕಾಂಡೋಮೂ ಇದೆ. ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿ ಆರೋಗ್ಯದ್ದೇ ಒಂದು ಅಧ್ಯಾಯ. ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುಗಿಸದೆ ಅದನ್ನು ಕಲಿಸಿದರೆ ಸಾಕು. ಕಲಾ, ವಾಣಿಜ್ಯ ವಿಭಾಗದವರಿಗೆ, ಐಟಿಐ ಹುಡುಗರಿಗೆ ಆ ಅಧ್ಯಾಯವೂ ಇಲ್ಲ. ಅವರಿಗೆ ವರ್ಷಕ್ಕೆ ಎರಡು ಗಂಟೆ ಬಿಡಿ. ಶಿಕ್ಷಕರಿಗೆ ಮುಜುಗರವಾದರೆ ಐಸಿಟಿಸಿ ಆಪ್ತಸಮಾಲೋಚಕರನ್ನು, ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನವರನ್ನು ಕರೆಯಿರಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಪೆಟ್ಟಿಗೆಗೆ ಹಾಕಿಸಿ. ಎಲ್ಲರೂ ಏನಾದರೊಂದು ಬರೆಯಲೇಬೇಕು, ಪ್ರಶ್ನೆ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆಯಬೇಕು. ಇಲ್ಲದಿದ್ದರೆ ಯಾರು ಪೆನ್ನು ಹಿಡಿದರು ಎಂದು ಹಿಂದಿನ ಬೆಂಚು ನೋಡುತ್ತಿರುತ್ತದೆ.

ಕಾಲೇಜುಗಳಲ್ಲಿ ಎಚ್‌ಐವಿ ಜಾಗೃತಿಗೆಂದು ಇರುವ ರೆಡ್ ರಿಬ್ಬನ್ ಕ್ಲಬ್ಬುಗಳು ರಕ್ತದಾನ ಶಿಬಿರ ಮಾಡುವುದು ಒಳ್ಳೆಯದೇ. ಆದರೆ ಕೆಲವರು ಅದನ್ನು ಗುಟ್ಟಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವ ದಾರಿ ಎಂದುಕೊಳ್ಳುತ್ತಾರೆ: ‘ಕೊಟ್ಟ ರಕ್ತವನ್ನು ಹೇಗೂ ನೋಡುತ್ತಾರಲ್ಲ.’ ನೋಡುತ್ತಾರೆ, ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಐದನ್ನೂ. ಆದರೆ ಸೋಂಕು ಹೊಸದಾಗಿದ್ದರೆ ಪರೀಕ್ಷೆಗೆ ಸಿಗದೇ ತಪ್ಪಿಸಿಕೊಳ್ಳಬಹುದು, ಆ ಬಾಟಲಿ ಇನ್ನೊಬ್ಬರ ಮೈಗೆ ಹೋಗಬಹುದು. ಶಿಬಿರದ ಹಿಂದಿನ ದಿನವೇ ಇದನ್ನು ಸ್ಪಷ್ಟವಾಗಿ ಹೇಳಿ. ಅದೇ ದಿನ ಸೂಜಿ ಚುಚ್ಚುವ ಮೇಜಿನ ಮುಂದೆ ಹೇಳಿದರೆ ಗೆಳೆಯರ ಎದುರು ಯಾರೂ ಎದ್ದು ಹೋಗುವುದಿಲ್ಲ.

ಪರೀಕ್ಷೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಬೆರಳು ಚುಚ್ಚಿ ಒಂದೆರಡು ಹನಿ ರಕ್ತ, ಅಥವಾ ತೋಳಿನಿಂದ ಸ್ವಲ್ಪ. ಅಂಗೈಯಲ್ಲಿ ಮುಚ್ಚಿಡಬಹುದಾದ ಪ್ಲಾಸ್ಟಿಕ್ ಪಟ್ಟಿಯ ಪುಟ್ಟ ಕುಳಿಯೊಳಗೆ ಅದನ್ನು ಹಾಕಿ ದ್ರಾವಣದ ಹನಿ ಬಿಡುತ್ತಾರೆ. ಕೆಂಪು ಛಾಯೆ ನಿಧಾನಕ್ಕೆ ಕಿಟಕಿಯುದ್ದಕ್ಕೂ ಏರುತ್ತದೆ. ‘ಸಿ’ ಎಂಬ ಅಕ್ಷರದ ಎದುರು ಗೆರೆ ಮೂಡಲೇಬೇಕು. ಮೂಡದಿದ್ದರೆ ಪಟ್ಟಿಯೇ ಕೆಟ್ಟಿದೆ, ಬೇರೆಯದರಲ್ಲಿ ಮತ್ತೆ ಮಾಡಬೇಕು. ಮೊದಲ ಪಟ್ಟಿಯಲ್ಲಿ ಇನ್ನೊಂದು ಗೆರೆ ಬಂದರೂ ಎಚ್‌ಐವಿ ಎಂದು ಹೇಳುವುದಿಲ್ಲ. ಬೇರೆ ಬೇರೆ ರೀತಿಯ ಇನ್ನೆರಡು ಪರೀಕ್ಷೆಯಲ್ಲೂ ಬಂದರೆ ಮಾತ್ರ ಖಚಿತ. ಖಾಸಗಿ ಲ್ಯಾಬೊಂದರ ಒಂದೇ ಪಟ್ಟಿ ನೋಡಿ ಜೀವನ ಮುಗಿಯಿತು ಎಂದುಕೊಂಡವರು ಐಸಿಟಿಸಿಗೆ ಬಂದು ಮೂರನ್ನೂ ಮಾಡಿಸಿಕೊಳ್ಳಬೇಕು. ಗೆರೆ ಬಾರದಿದ್ದರೂ ಲೆಕ್ಕ ಇದೆ: ಈ ಪಟ್ಟಿಗಳು ಹುಡುಕುವುದು ವೈರಸ್ ಅನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು. ಅದು ತಯಾರಾಗಲು ವಾರಗಳು ಬೇಕು. ಹಾಗಾಗಿ ಘಟನೆಯಾಗಿ 3 ತಿಂಗಳಿಗೆ ಮತ್ತೆ ನೋಡಬೇಕು. ಹತ್ತನೇ ದಿನದ ‘ನೆಗೆಟಿವ್’ ಚೀಟಿ ವಾಟ್ಸಾಪಿನಲ್ಲಿ ತೋರಿಸಿ ಕಾಂಡೋಮ್ ಬೇಡ ಎನ್ನುವವರ ಮಾತು ನಂಬಬಾರದು.

ಪರೀಕ್ಷೆ ಉಚಿತ, ಎಲ್ಲಿ ಬೇಕಾದರೂ ಮಾಡಿಸಬಹುದು. ಕುಮಟಾದವರು ಶಿರಸಿಯಲ್ಲಿ, ಶಿರಸಿಯವರು ಹುಬ್ಬಳ್ಳಿಯಲ್ಲಿ, ಕಾರವಾರದವರು ಮಡಗಾಂವಿನಲ್ಲಿ ಮಾಡಿಸಿಕೊಂಡರೆ ತಪ್ಪೇನಿಲ್ಲ. ಆಧಾರ್ ತಂದಿಲ್ಲ ಎಂದು ಯಾರನ್ನೂ ವಾಪಸ್ ಕಳಿಸಬೇಡಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2017ರ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಕೆಲಸಕ್ಕೋ ಕಾಲೇಜಿಗೋ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ಕಾಯಿದೆ ಹೀಗಿದೆ. ಹೊರರೋಗಿ ವಿಭಾಗದ ಕೌಂಟರಿನಲ್ಲಿ ‘ಏಡ್ಸ್ ರೂಮಾ? ಆ ಕೊನೆಗೆ ಹೋಗು’ ಎಂದು ಗಟ್ಟಿಯಾಗಿ ಕೂಗಿದರೆ ಆ ಕಾಯಿದೆಯಲ್ಲಿ ಏನು ಉಳಿಯಿತು? ಕೋಣೆಗೆ ನಂಬರ್ ಕೊಡಿ. ‘17ನೇ ಕೋಣೆ’ ಎಂದರೆ ಸಾಕು. ಒಳಗೆ ಕೂತ ಮೇಲೆ ‘ಹೆಣ್ಣಿನ ಜೊತೆ ತಾನೇ?’ ಎಂದು ಕೇಳುವ ಬದಲು ‘ಯಾರ ಜೊತೆ, ಗಂಡೋ ಹೆಣ್ಣೋ ಟ್ರಾನ್ಸ್‌ಜೆಂಡರೋ’ ಎಂದು ಕೇಳಲಿ. ಮೊದಲಿನ ಪ್ರಶ್ನೆಗೆ ಎಲ್ಲರೂ ಹೌದು ಎಂದೇ ಹೇಳುತ್ತಾರೆ.

ಬೇರೆ ಲೈಂಗಿಕ ಸೋಂಕುಗಳ ವಿಷಯ ಚುಟುಕಾಗಿ. ಉರಿಮೂತ್ರ, ಕೀವು, ಹುಣ್ಣು, ತೊಡೆಸಂದಿನ ಗಡ್ಡೆ, ಹುಡುಗಿಯರಲ್ಲಿ ವಾಸನೆಯ ಅಥವಾ ಮೊಸರಿನಂಥ ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು, ಇವಕ್ಕೆ ಲೈಂಗಿಕ ಸೋಂಕಿನ ಚಿಕಿತ್ಸೆಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣ ಬಣ್ಣದ ಔಷಧ ಕಿಟ್‌ಗಳ ಪದ್ಧತಿ ಇದೆ. ಕೀವಿಗೆ ಬೂದು ಬಣ್ಣದ್ದು: ಅಜಿತ್ರೊಮೈಸಿನ್, ಸೆಫಿಕ್ಸಿಮ್ ಒಂದೇ ಹೊತ್ತಿಗೆ. ಮೆಡಿಕಲ್ ಅಂಗಡಿಯಿಂದ ಎರಡು ದಿನದ ಗುಳಿಗೆ ತಂದು ನುಂಗಿದರೆ ಉರಿ ನಿಲ್ಲುತ್ತದೆ, ರೋಗಾಣು ಉಳಿಯುತ್ತದೆ, ಮುಂದೆ ಔಷಧಕ್ಕೆ ಬಗ್ಗುವುದಿಲ್ಲ. ಜೊತೆಗಾರರಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಇಬ್ಬರ ನಡುವೆ ಚೆಂಡಾಟ ಆಡುತ್ತಿರುತ್ತದೆ. ಹುಣ್ಣಿದ್ದಾಗ ಎಚ್‌ಐವಿ ಹೊಕ್ಕಲು ಬಾಗಿಲು ತೆರೆದಿಟ್ಟ ಹಾಗೆ, ಆದ್ದರಿಂದ ಕಿಟ್ ಕೊಟ್ಟವರು ಎಚ್‌ಐವಿ ಪರೀಕ್ಷೆಗೂ ಕಳಿಸಬೇಕು. ತೆಳು ಬಿಳಿ ಸ್ರಾವ, ತುರಿಕೆ ವಾಸನೆ ಇಲ್ಲದ್ದು, ಸಹಜ; ಅದಕ್ಕೆ ಕಿಟ್ಟೂ ಬೇಡ, ಗಾಬರಿಯೂ ಬೇಡ. ಇನ್ನು ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಬರುತ್ತದೆ. ಜಾತ್ರೆಗಳ ಹಚ್ಚೆ ಅಂಗಡಿಗಳನ್ನು ಯಾರಾದರೂ ನೋಡಬೇಕು. ಸೂಜಿ ಬದಲಿಸಿದೆ ಎಂದು ತೋರಿಸುತ್ತಾರೆ, ಶಾಯಿಯ ಬಟ್ಟಲು ಬೆಳಗಿನಿಂದ ಅದೇ ಇರಬಹುದು. ಸೂಜಿಯ ಜೊತೆ ಬಟ್ಟಲೂ ಪ್ರತಿಯೊಬ್ಬರಿಗೆ ಹೊಸದಾಗಬೇಕು. ಎಚ್‌ಐವಿಗಿಂತ ಹೆಪಟೈಟಿಸ್ ಬಿ ಅಲ್ಲಿ ಸುಲಭವಾಗಿ ದಾಟುತ್ತದೆ.

ಹದಿನೆಂಟರ ಒಳಗಿನವರ ಬಗ್ಗೆ ಪ್ರಾಮಾಣಿಕವಾಗಿ ಮಾತಾಡಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯಿದೆ 2012ರ 19ನೇ ಕಲಮಿನಂತೆ ಲೈಂಗಿಕ ಸಂಪರ್ಕದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಹದಿನೇಳರ ಹುಡುಗಿ ತನ್ನಿಷ್ಟದಿಂದಲೇ ಎಂದರೂ ಕಾಯಿದೆ ಒಪ್ಪುವುದಿಲ್ಲ. ಆದ್ದರಿಂದ ‘ನೀನು ಹೇಳಿದ್ದು ಯಾರಿಗೂ ಹೋಗುವುದಿಲ್ಲ’ ಎಂಬ ಸುಳ್ಳು ಭರವಸೆ ಕೊಡಬಾರದು. ಏನನ್ನು ಹೇಳಬೇಕಾಗುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮಾತು ಶುರುವಾಗುವ ಮೊದಲೇ ತಿಳಿಸಬೇಕು. ಅದಕ್ಕಿಂತ ಮುಖ್ಯ: ಪೋಕ್ಸೊ ನಿಯಮಗಳು 2020ರ ಪ್ರಕಾರ ತುರ್ತು ಚಿಕಿತ್ಸೆಗೆ ಮೊದಲು ಯಾವ ಕಾನೂನು ಪತ್ರವನ್ನೂ ಆಸ್ಪತ್ರೆ ಕೇಳುವಂತಿಲ್ಲ, ಮತ್ತು ಎಚ್‌ಐವಿ ತಡೆ ಔಷಧ, ಬಸಿರು ತಡೆ ಎರಡೂ ಆ ಚಿಕಿತ್ಸೆಯ ಭಾಗ. ‘ಮೊದಲು ಎಫ್‌ಐಆರ್ ತನ್ನಿ’ ಎಂದು ಕೂರಿಸುವ ಒಂದೊಂದು ಗಂಟೆಯೂ ಆ 72ರಿಂದ ಕಳೆಯುವುದು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ ಅವಳ ಹೆಸರು, ಗುರುತನ್ನು ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಇದು ಎಷ್ಟು ಆಸ್ಪತ್ರೆಗಳ ಸೂಚನಾ ಫಲಕದಲ್ಲಿದೆ?

ಫಲಿತಾಂಶ ಪಾಸಿಟಿವ್ ಬಂದ ಹುಡುಗ-ಹುಡುಗಿಯರಿಗೆ ಮೊದಲ ದಿನವೇ ಹೇಳಬೇಕಾದ ಮಾತೊಂದಿದೆ. ಗುಳಿಗೆ ದಿನವೂ ತಪ್ಪದೆ ತೆಗೆದುಕೊಂಡು, ವೈರಸ್ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಮದುವೆ, ಮಕ್ಕಳು, ಕೆಲಸ ಎಲ್ಲ ಇದೆ. ಬೋಟಿಗೆ, ಗೋವಾದ ಹೋಟೆಲ್ ಕೆಲಸಕ್ಕೆ ಹೋಗುವವರಿಗೆ ತಿಂಗಳಿಗೊಮ್ಮೆ ಬಂದು ಗುಳಿಗೆ ಒಯ್ಯಲು ಆಗದು. ಆರೋಗ್ಯ ಸ್ಥಿರವಾಗಿದ್ದರೆ ಒಟ್ಟಿಗೆ ಹೆಚ್ಚು ತಿಂಗಳಿನದು ಕೊಡಿ.

ಇದಕ್ಕೆಲ್ಲ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಒಂದು ಕೆಲಸದಿಂದ ಶುರು ಮಾಡಿ. ಬರುವ ಭಾನುವಾರ ರಾತ್ರಿ ಹನ್ನೊಂದಕ್ಕೆ ನಿಮ್ಮ ಕಚೇರಿಯ ಒಬ್ಬರು ಹನ್ನೆರಡೂ ತಾಲೂಕುಗಳ ತುರ್ತು ವಿಭಾಗಕ್ಕೆ ಫೋನ್ ಮಾಡಲಿ, ತಾವು ಯಾರೆಂದು ಹೇಳುವುದು ಬೇಡ. ‘ಕಾಂಡೋಮ್ ಹರಿದಿದೆ, ಪೆಪ್ ಗುಳಿಗೆ ಸಿಗುತ್ತದಾ?’ ಎಂದಷ್ಟೇ ಕೇಳಲಿ. ಫೋನ್ ಎತ್ತಿದರೋ ಇಲ್ಲವೋ, ಏನೆಂದರು, ನಕ್ಕರೋ, ಬೈದರೋ, ಸೋಮವಾರ ಬನ್ನಿ ಎಂದರೋ, ಹನ್ನೆರಡು ಸಾಲಿನಲ್ಲಿ ಬರೆದಿಡಲಿ. ಆ ಹಾಳೆಯ ಒಂದು ಪ್ರತಿ ನಮಗೂ ಬೇಕು.

ಇಂತಿ,
ಕಾರವಾರ, ಕುಮಟಾ ಮತ್ತು ಶಿರಸಿ ಕಡೆಯ ಆಪ್ತಸಮಾಲೋಚಕರು, ಲ್ಯಾಬ್ ತಂತ್ರಜ್ಞರು, ಶುಶ್ರೂಷಕಿಯರು